ಹಲಗೆ ಸರಿಸಿ ತೆಗೆದ ಫೋಟೊ

ನಾನು, ಮೃತರ ಒಡಹುಟ್ಟಿದ ತಂಗಿ, ವಯಸ್ಸು ಮೂವತ್ತೆಂಟು ವರ್ಷ, ಉದ್ಯೋಗ ಕಂಪ್ಯೂಟರ್ ಮಾಸಪತ್ರಿಕೆಯೊಂದರಲ್ಲಿ ಲ್ಯಾಪ್‌ಟಾಪ್ ಪರೀಕ್ಷಕಿ, ವಾಸ ಹಳೆಯ ಬಸ್ ಡಿಪೋ ಎದುರಿನ ಔಷಧಿ ಅಂಗಡಿಯ ಮೇಲೆ ಎರಡನೇ ಮಹಡಿ, ಇಂದು ಬೆಳಿಗ್ಗೆ 10.40 ಗಂಟೆಗೆ ಯಾರ ಒತ್ತಾಯವೂ ಇಲ್ಲದೆ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಅಣ್ಣನ ಎರಡೂ ತೊಡೆಗಳ ಮೇಲೆ ಇದ್ದ ಸುಟ್ಟ ಗೆರೆಗಳ ವಿಷಯವಾಗಿ ನನ್ನ ಅತ್ತಿಗೆಯವರನ್ನು ಎರಡು ದಿನಗಳಿಂದ ಈ ಠಾಣೆಗೆ ಕರೆಸಿ ವಿಚಾರಿಸಲಾಗುತ್ತಿದೆ. ಅತ್ತಿಗೆಯವರೇ ಕಾದ ಕಂಬಿಯಿಂದ ಬರೆ ಹಾಕಿದರು, ಅದರಿಂದಲೇ ಅಣ್ಣ ಸತ್ತ ಎಂದು ನನ್ನ ತಾಯಿಯವರು ದೂರು ಕೊಟ್ಟಿದ್ದಾರೆ. ಆ ದೂರು ತಪ್ಪು. ಬಿಸಿನೀರಿನ ಚೀಲ ತಾಗಿ ಸುಟ್ಟಿತು ಎಂದು ಅತ್ತಿಗೆಯವರು ಕೊಟ್ಟಿರುವ ಹೇಳಿಕೆಯೂ ತಪ್ಪು. ಸರಿಯಾದದ್ದು ನನಗೆ ನಿನ್ನೆ ಸಂಜೆ ತಿಳಿಯಿತು. ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಬೇಕೆಂದು, ಬರೆದುಕೊಳ್ಳುತ್ತಿರುವ ಪೇದೆಯವರನ್ನು ಕೇಳಿಕೊಂಡಿದ್ದೇನೆ. ಇನ್ನೊಬ್ಬರ ವಾಕ್ಯ ತಿದ್ದುವ ಚಟ ನನಗಿದೆ. ಮುಗಿದ ಮೇಲೆ ಓದಿಸಿ ಕೇಳುತ್ತೇನೆ.

ನನ್ನ ಉದ್ಯೋಗವೇನೆಂದು ಕೇಳಿದ್ದಕ್ಕೆ ಹೇಳುತ್ತೇನೆ. ಗೇಮಿಂಗ್ ಲ್ಯಾಪ್‌ಟಾಪ್ ಎಂದರೆ ದೊಡ್ಡ ದೊಡ್ಡ ಕಂಪ್ಯೂಟರ್ ಆಟಗಳನ್ನು ಆಡಲೆಂದೇ ಮಾಡಿದ ಯಂತ್ರ. ಹಿಂದೆ ಅವು ದಪ್ಪಗೆ, ಭಾರವಾಗಿ, ಮೇಜು ಬಿಟ್ಟು ಏಳದಂತೆ ಇರುತ್ತಿದ್ದವು. ಈಗ ತೆಳ್ಳಗಿನ, ಹಗುರವಾದ, ಬ್ಯಾಗಿನಲ್ಲಿ ಹಾಕಿಕೊಂಡು ಓಡಾಡಬಹುದಾದವು ಬಂದಿವೆ. ಕಂಪನಿಗಳು ಮಾರಾಟಕ್ಕೆ ಬಿಡುವ ಮುಂಚೆ ಒಂದೊಂದನ್ನು ನಮ್ಮ ಕಚೇರಿಗೆ ಕಳಿಸುತ್ತವೆ. ಮೂರು ವಾರ ಇಟ್ಟುಕೊಂಡು ಚೆನ್ನಾಗಿ ಜಾಲಾಡಿ, ಒಳ್ಳೆಯದು ಕೆಟ್ಟದ್ದು ಬರೆದು, ಡಬ್ಬಕ್ಕೆ ತುಂಬಿ ವಾಪಸ್ ಕಳಿಸುವುದು ನನ್ನ ಕೆಲಸ. ಕಂಪನಿಯವರು ತೂಕ ಹೇಳುವಾಗ ಚಾರ್ಜರಿನ ತೂಕವನ್ನು ನುಂಗಿಹಾಕುತ್ತಾರೆ, ನಾನು ಚಾರ್ಜರ್ ಸಮೇತ ತೂಗುತ್ತೇನೆ. ಅವರು ತೆಳ್ಳಗಿರುವ ಮುಂದಿನ ಅಂಚನ್ನು ಅಳೆದು ಹೇಳುತ್ತಾರೆ, ನಾನು ಅಡಿಯ ರಬ್ಬರ್ ಕಾಲನ್ನೂ ಸೇರಿಸಿ ಹಿಂದಿನ ಅಂಚನ್ನು ಅಳೆಯುತ್ತೇನೆ. ಒಳಗಿನ ಫ್ಯಾನ್ ಎಷ್ಟು ಕಿರುಚುತ್ತದೆಂದು ಸದ್ದು ಅಳೆಯುವ ಉಪಕರಣ ಹಿಡಿದು ನೋಡುತ್ತೇನೆ. ಎಷ್ಟು ಕಾಯುತ್ತದೆಂದು, ಜ್ವರ ನೋಡಲು ಹಣೆಗೆ ಹಿಡಿಯುತ್ತಾರಲ್ಲ, ಅಂಥದೇ ಒಂದು ಗನ್ ಹಿಡಿದು ನೋಡುತ್ತೇನೆ. ಈ ವೃತ್ತಿಯಲ್ಲಿ ನನ್ನನ್ನು ಮೆಚ್ಚಿಸುವುದು ಕಷ್ಟ ಎಂದು ಹೆಸರಿದೆ. ಆ ಹೆಸರಿನ ಬಗ್ಗೆ ನನಗೆ ಬಹಳ ಜಂಬವೂ ಇತ್ತು.

ಯಂತ್ರವನ್ನು ತೆಳ್ಳಗೆ ಮಾಡಿದಷ್ಟೂ ಒಳಗಿನ ಶಾಖ ಹೊರಗೆ ಹೋಗಲು ಜಾಗ ಕಡಿಮೆಯಾಗುತ್ತದೆ. ಇದು ಇಂಥ ಲ್ಯಾಪ್‌ಟಾಪುಗಳ ಹುಟ್ಟುಗುಣ. ಇದನ್ನು ಹನ್ನೊಂದು ವರ್ಷಗಳಿಂದ ಪತ್ರಿಕೆಯಲ್ಲಿ ನಾನೇ ಬರೆಯುತ್ತ ಬಂದಿದ್ದೇನೆ. ಇದು ನನಗೆ ಗೊತ್ತಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ, ಆದ್ದರಿಂದ ಈ ಮಾತನ್ನು ಬಿಡದೆ ಬರೆದುಕೊಳ್ಳಬೇಕು. ಬರೆದುಕೊಳ್ಳುತ್ತಿರುವವರು ನಡುವೆ ಪೆನ್ನು ನಿಲ್ಲಿಸಿ, ತಮ್ಮ ಮಗನೂ ಒಂದೇ ಸಮನೆ ಇಂಥದ್ದನ್ನೇ ಪೀಡಿಸುತ್ತಿದ್ದಾನೆ, ಯಾವುದು ಕೊಡಿಸಬಹುದು ಎಂದು ಕೇಳಿದರು. ಅದನ್ನು ಸಹಿ ಮಾಡಿದ ಮೇಲೆ ಹೇಳುತ್ತೇನೆಂದು ಹೇಳಿದ್ದೇನೆ.

ನನ್ನ ಅಣ್ಣ, ವಯಸ್ಸು ನಲವತ್ತನಾಲ್ಕು, ನಗರದ ಬಸ್ಸುಗಳ ಚಾಲಕನಾಗಿದ್ದವನು. ನಾಲ್ಕು ವರ್ಷಗಳ ಹಿಂದೆ ಡಿಪೋದ ಒಳಗೆ ರಿವರ್ಸ್ ಬರುತ್ತಿದ್ದ ಇನ್ನೊಂದು ಬಸ್ಸು ಅವನನ್ನು ಗೋಡೆಗೆ ಒತ್ತಿತು. ಬೆನ್ನುಮೂಳೆ ಮುರಿಯಿತು. ಅಲ್ಲಿಂದ ಸೊಂಟದ ಕೆಳಗೆ ಅಲುಗಾಟವೂ ಇಲ್ಲ, ಮುಟ್ಟಿದರೆ ಗೊತ್ತಾಗುವುದೂ ಇಲ್ಲ. ಅವನು ತನ್ನ ಕಾಲುಗಳನ್ನು ಬಾಡಿಗೆದಾರರು ಎಂದು ಕರೆಯುತ್ತಿದ್ದ. ಮನೆಯೊಳಗೇ ಇದ್ದಾರೆ, ಬಾಗಿಲು ಬಡಿದರೆ ಓಗೊಡಲ್ಲ, ಖಾಲಿ ಮಾಡ್ರಪ್ಪ ಅನ್ನೋಕೂ ಆಗಲ್ಲ ಎಂದು ನೋಡಲು ಬಂದವರನ್ನು ನಗಿಸಿ ಕಳಿಸುತ್ತಿದ್ದ. ಮೊದಲ ಎರಡು ವರ್ಷ ಈ ತಮಾಷೆ ಇರಲಿಲ್ಲ. ಗೋಡೆಯ ಕಡೆಗೆ ಮುಖ ಮಾಡಿ ಮಲಗಿರುತ್ತಿದ್ದ. ಅವನ ಮಗಳು ಶಾಲೆಯಿಂದ ಬಂದು ಮಾತನಾಡಿಸಿದರೂ ಹೂಂ ಎನ್ನುತ್ತಿದ್ದ, ಅಷ್ಟೆ.

ಎರಡು ವರ್ಷಗಳ ಹಿಂದೆ ಒಂದು ದಿನ ನಾನು ಕಚೇರಿಯಿಂದ ನೇರವಾಗಿ ಅವನ ಮನೆಗೆ ಹೋಗಿದ್ದೆ. ಬ್ಯಾಗಿನಲ್ಲಿ ಪರೀಕ್ಷೆಯ ಲ್ಯಾಪ್‌ಟಾಪ್ ಇತ್ತು. ಲಾರಿ ಓಡಿಸುವ ಒಂದು ಆಟವನ್ನು ಹಾಕಿ, ಸುಮ್ಮನೆ ಅವನ ಮುಂದೆ ಇಟ್ಟೆ. ಹತ್ತು ನಿಮಿಷ ನೋಡಿದ. ಆಮೇಲೆ ಕೈ ಹಾಕಿದ. ಒಂದು ಗಂಟೆ ಓಡಿಸಿ, ನಿನ್ನ ಈ ಗಾಡಿಗೆ ಏರಿನಲ್ಲಿ ಉಸಿರು ಕಟ್ತದೆ, ಇಳಿಜಾರಲ್ಲಿ ಸರಿಹೋಗ್ತದೆ, ಎಂಜಿನ್ ನೋಡ್ಸು ಎಂದು ಹೇಳಿದ. ಕಚೇರಿಗೆ ಹೋಗಿ ನೋಡಿದರೆ, ಪರದೆಯ ಮೇಲೆ ಗುಡ್ಡಗಾಡು ಹೆಚ್ಚಾದಾಗ ಯಂತ್ರ ನಿಜವಾಗಿಯೂ ಮುಗ್ಗರಿಸುತ್ತಿತ್ತು. ಅಲ್ಲಿಂದ ಮುಂದೆ ಪ್ರತಿಯೊಂದು ತೆಳು ಲ್ಯಾಪ್‌ಟಾಪೂ ನನ್ನ ಮೇಜಿನಿಂದ ಅವನ ಮಂಚಕ್ಕೆ ಹೋಗಿ, ನಾಲ್ಕೈದು ದಿನ ಇದ್ದು ಬರುತ್ತಿತ್ತು. ಸಂಪಾದಕರಿಗೂ ಇದು ಗೊತ್ತಿತ್ತು.

ಲ್ಯಾಪ್‌ಟಾಪ್ ಹಿಡಿದು ಒಳಗೆ ಹೋದರೆ ಬಂದ್ಲು ನೋಡಿ ಚೆಕಿಂಗು, ಎಲ್ರೂ ಟಿಕೆಟ್ ತೆಗೀರಿ ಎಂದು ಕೂಗುತ್ತಿದ್ದ. ವಾಪಸ್ ಕೊಡುವುದಕ್ಕೆ ಡಿಪೋಗೆ ಬಿಡೋದು ಎನ್ನುತ್ತಿದ್ದ. ರೇಸಿನ ಆಟದಲ್ಲೂ ಕೆಂಪು ದೀಪ ಕಂಡರೆ ನಿಲ್ಲಿಸುತ್ತಿದ್ದ. ಎಲ್ಲರೂ ಮುಂದೆ ಹೋದರಲ್ಲೋ ಎಂದರೆ, ಸಿಗ್ನಲ್ ಬಿದ್ಮೇಲೆ ಹೆಂಗೆ ಹೋಗೋದು, ನಾನು ಇಪ್ಪತ್ತು ವರ್ಷ ಗಾಡಿ ಓಡಿಸಿರೋನು ಎಂದು ಗದರುತ್ತಿದ್ದ. ಅವನು ಒಂದು ರೇಸನ್ನೂ ಗೆದ್ದಿದ್ದು ನಾನು ನೋಡಿಲ್ಲ. ಎರಡು ಕಿಲೋ ಒಳಗಿನ ಯಂತ್ರವಾದರೆ ಮಂಚದ ಪಕ್ಕದ ಸ್ಟೂಲಿನಿಂದ ತಾನೇ ಎತ್ತಿಕೊಳ್ಳುತ್ತಿದ್ದ. ಅದಕ್ಕಿಂತ ಭಾರವಾದರೆ ಯಾರನ್ನಾದರೂ ಕೂಗಬೇಕಾಗುತ್ತಿತ್ತು, ಅದು ಅವನಿಗೆ ಆಗುತ್ತಿರಲಿಲ್ಲ. ಹಗುರವಾದ ಲ್ಯಾಪ್‌ಟಾಪ್ ಯಾರಿಗೆ ಬೇಕು ಎಂದು ನಾವು ಪ್ರತಿ ಸಂಚಿಕೆಯಲ್ಲೂ ಬರೆಯುತ್ತೇವೆ: ವಿದ್ಯಾರ್ಥಿಗಳಿಗೆ, ಊರೂರು ಸುತ್ತುವ ಉದ್ಯೋಗಿಗಳಿಗೆ ಎಂದು. ಎದ್ದು ನಡೆಯಲಾಗದವರಿಗೆ ಎಂದು ನಾನು ಒಂದು ಸಲವೂ ಬರೆಯಲಿಲ್ಲ.

ಅಣ್ಣನ ಕಾಲಿನ ಹತ್ತಿರ ಬಿಸಿಯಾದ ಯಾವ ವಸ್ತುವನ್ನೂ ಇಡಕೂಡದು, ಸುಟ್ಟರೂ ಅವನಿಗೆ ತಿಳಿಯುವುದಿಲ್ಲ, ಅವನಿಗೆ ಗಾಯ ಮಾಯುವುದೂ ಕಷ್ಟ ಎಂದು ವೈದ್ಯರು ಮೊದಲೇ ಹೇಳಿದ್ದರು. ಆದ್ದರಿಂದ ಮೊದಲ ಲ್ಯಾಪ್‌ಟಾಪ್ ಬಂದ ವಾರವೇ ಅತ್ತಿಗೆಯವರು ಹಳೆಯ ಬೀರುವಿನ ಒಂದು ಹಲಗೆಯನ್ನು ತೆಗೆದು, ಅಂಚುಗಳನ್ನು ತಾವೇ ಉಜ್ಜಿ ನುಣುಪು ಮಾಡಿ, ಅಡಿಗೆ ದಪ್ಪ ಬಟ್ಟೆ ಹೊಲಿದರು. ಅತ್ತಿಗೆಯವರು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸದಲ್ಲಿದ್ದಾರೆ. ಮೊದಲು ಹಲಗೆ, ಅದರ ಮೇಲೆ ಲ್ಯಾಪ್‌ಟಾಪ್ ಎಂಬುದು ಆ ಮನೆಯ ಕಾನೂನು. ಎರಡು ವರ್ಷಗಳಲ್ಲಿ ಅತ್ತಿಗೆಯವರು ಈ ಕಾನೂನನ್ನು ಒಂದು ದಿನವೂ ಮುರಿದದ್ದಿಲ್ಲ. ಅಣ್ಣ ಆತುರಪಟ್ಟರೂ, ಸೀಟು ಹಾಕ್ದೆ ಡ್ರೈವರ್ ಕೂರ್ತಾನಾ, ಸ್ವಲ್ಪ ತಡ್ಕೊಳಿ ಎಂದು ಹಲಗೆ ಇಟ್ಟೇ ಕೊಡುತ್ತಿದ್ದರು.

ಈ ತಿಂಗಳ ಮೂರನೇ ತಾರೀಕು ಮಧ್ಯಾಹ್ನ 1.50ಕ್ಕೆ ನಾನೂ ನಮ್ಮ ಪತ್ರಿಕೆಯ ಫೋಟೊಗ್ರಾಫರೂ ಅಣ್ಣನ ಮನೆಗೆ ಹೋದೆವು. ನಮ್ಮ ಕಚೇರಿಯಿಂದ ಆ ಮನೆ ಎರಡೂವರೆ ಕಿಲೋಮೀಟರ್. ಹೊಸದಾಗಿ ಬಂದಿದ್ದ ಲ್ಯಾಪ್‌ಟಾಪ್ ನಾನು ಇದುವರೆಗೆ ನೋಡಿದವುಗಳಲ್ಲೇ ತೆಳುವಾದದ್ದು, ಒಂದೂವರೆ ಕಿಲೋಗೆ ಸ್ವಲ್ಪ ಹೆಚ್ಚು. ಮುಖಪುಟಕ್ಕೆ ಅದನ್ನೇ ಹಾಕುವುದೆಂದು ತೀರ್ಮಾನವಾಗಿತ್ತು. ಅಂಗಡಿಯ ಬೊಂಬೆಯಂಥ ರೂಪದರ್ಶಿ ಬೇಡ, ನಿಜವಾಗಿ ಆಡುವವರೊಬ್ಬರು ತೊಡೆಯ ಮೇಲಿಟ್ಟುಕೊಂಡು ಆಡುತ್ತಿರುವ ಫೋಟೊ ಬೇಕು ಎಂದು ಸಂಪಾದಕರು ಹೇಳಿದ್ದರು. ಅಣ್ಣನ ಹೆಸರು ಸೂಚಿಸಿದವಳು ನಾನು. ಅಣ್ಣ ಬೆಳಿಗ್ಗೆಯೇ ಗಡ್ಡ ತೆಗೆಸಿಕೊಂಡು, ಡಿಪೋದವರು ಕೊಟ್ಟಿದ್ದ ಹಳೆಯ ಕಾಲರ್ ಅಂಗಿ ಹಾಕಿಕೊಂಡು ಕಾಯುತ್ತಿದ್ದ. ಅತ್ತಿಗೆಯವರು ಕೆಲಸಕ್ಕೆ ಹೋಗಿದ್ದರು, ಮಗಳು ಶಾಲೆಗೆ ಹೋಗಿದ್ದಳು. ಅಮ್ಮ ಊಟ ಮಾಡಿ ಒಳಕೋಣೆಯಲ್ಲಿ ಮಲಗಿದ್ದರು.

ನಾನು ಚಾರ್ಜರ್ ಸಿಕ್ಕಿಸಿ, ಆಟ ಹಾಕಿ, ಯಂತ್ರವನ್ನು ಅದರ ಪೂರ್ತಿ ಶಕ್ತಿಗೆ ಏರಿಸಿದೆ. ಪರದೆಯ ಮೇಲೆ ಚಿತ್ರ ಚೆನ್ನಾಗಿ ಬರಲೆಂದು ಹಾಗೆ ಮಾಡುತ್ತೇವೆ. ಫೋಟೊ ಜೊತೆಗೆ ಒಂದು ಸಣ್ಣ ವಿಡಿಯೊ ಕೂಡ ಬೇಕಿತ್ತು. ಫ್ಯಾನಿನ ಸದ್ದಿನಲ್ಲಿ ಅಣ್ಣನ ಮಾತು ಸರಿಯಾಗಿ ಕೇಳುವುದಿಲ್ಲ ಎಂದು ಫೋಟೊಗ್ರಾಫರ್ ಹೇಳಿದ್ದರಿಂದ, ಫ್ಯಾನಿನ ವೇಗವನ್ನು ನನ್ನ ಕೈಯಾರೆ ತೀರಾ ಕೆಳಕ್ಕೆ ಇಳಿಸಿದೆ. ಪೂರ್ತಿ ಶಕ್ತಿಯಲ್ಲಿ ಓಡುವ ಯಂತ್ರದ ಫ್ಯಾನನ್ನು ಮನೆಯಲ್ಲಿ ಆಡುವವರು ಯಾರೂ ಹೀಗೆ ಇಳಿಸುವುದಿಲ್ಲ. ನಮ್ಮಂಥವರು ಚಿತ್ರೀಕರಣಕ್ಕೆಂದು ಐದು ನಿಮಿಷ ಇಳಿಸಿ, ಮತ್ತೆ ಏರಿಸುತ್ತೇವೆ.

ಎರಡು ಮೂರು ಫೋಟೊ ತೆಗೆದ ಮೇಲೆ ಫೋಟೊಗ್ರಾಫರ್ ಕ್ಯಾಮೆರಾದಲ್ಲಿ ನನಗೆ ತೋರಿಸಿ, ಹಲಗೆ ಇರುವುದರಿಂದ ಲ್ಯಾಪ್‌ಟಾಪ್ ತೆಳ್ಳಗೆ ಕಾಣುತ್ತಿಲ್ಲ, ಎರಡೂ ಸೇರಿ ದಪ್ಪ ಪೆಟ್ಟಿಗೆಯ ಹಾಗೆ ಕಾಣುತ್ತಿದೆ ಎಂದು ಹೇಳಿದರು. ಅವರು ಹೇಳಿದ್ದು ಅಷ್ಟೇ. ಹಾಗಾದರೆ ಹಲಗೆ ತೆಗೆದುಬಿಡೋಣ ಎಂದವಳು ನಾನು. ಅಣ್ಣ ನಿಮ್ಮ ಅತ್ತಿಗೆ ಬೈತಾಳೆ ಕಣೇ ಎಂದ. ಐದು ನಿಮಿಷ ಕಣೋ, ಅವರು ಬರೋದ್ರೊಳಗೆ ಮತ್ತೆ ಇಟ್ರಾಯ್ತು ಎಂದು ನಾನು ಹೇಳಿದೆ. ತೊಡೆಯ ಮೇಲಿದ್ದ ಹೊದಿಕೆಯೂ ಉಬ್ಬಿ ಕಾಣುತ್ತಿದ್ದುದರಿಂದ ಅದನ್ನೂ ಸರಿಸಿದೆವು. ತೆಳು ಪೈಜಾಮದ ಮೇಲೆ ನೇರವಾಗಿ ಯಂತ್ರ ಕೂತಿತು. ಆಗ 2.25 ಆಗಿತ್ತು. ಈ ಸಮಯ ಫೋಟೊಗಳಲ್ಲಿ ದಾಖಲಾಗಿದೆ.

ಫೋಟೊ ಬಹಳ ಚೆನ್ನಾಗಿ ಬಂತು. ಅಣ್ಣ ಅದರಲ್ಲಿ ನಗುತ್ತಿದ್ದಾನೆ, ಕಣ್ಣು ಪರದೆಯ ಮೇಲಿದೆ. ಅಪಘಾತದ ನಂತರ ಅವನ ಅಷ್ಟು ಒಳ್ಳೆಯ ಫೋಟೊ ಇನ್ನೊಂದಿಲ್ಲ.

3.05ಕ್ಕೆ ಕೆಲಸ ಮುಗಿಯಿತು. ಅಂದು ಸಂಜೆಯೊಳಗೆ ಲೇಖನ ಮುದ್ರಣಕ್ಕೆ ಹೋಗಬೇಕಿತ್ತು. ನನಗೆ ಅವಸರ. ಯಂತ್ರ ಕೊಡೋ ಎಂದರೆ, ಘಟ್ಟದ ನಡುವೆ ಗಾಡಿ ನಿಲ್ಸಕ್ಕಾಗತ್ತಾ, ಈ ಟ್ರಿಪ್ ಮುಗಿಸ್ತೀನಿ, ನೀನು ಹೋಗು ಎಂದ. ಹೇಗೂ ನಾಲ್ಕು ದಿನ ಅವನ ಹತ್ತಿರವೇ ಇರಬೇಕಿದ್ದ ಯಂತ್ರ. ಬಿಟ್ಟು ಹೊರಟೆ. ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುವಾಗ ಗೋಡೆಗೆ ಒರಗಿಸಿದ್ದ ಹಲಗೆ ಕಣ್ಣಿಗೆ ಬಿತ್ತು. ಏನೋ ಮರೆತಿದ್ದೇನೆ ಎಂದು ಅನ್ನಿಸಿತು. ಶಾಖ ಅಳೆಯುವ ಗನ್ ಬಿಟ್ಟೆನೇನೋ ಎಂದು ಬ್ಯಾಗಿನಲ್ಲಿ ತಡಕಿದೆ. ಅದು ಬ್ಯಾಗಿನಲ್ಲೇ ಇತ್ತು. ಫ್ಯಾನನ್ನೂ ಏರಿಸದೆ ಸಮಾಧಾನವಾಗಿ ಮೆಟ್ಟಿಲಿಳಿದೆ. ಆ ಬಾಗಿಲಿನಿಂದ ಅಣ್ಣನ ಮಂಚಕ್ಕೆ ಹನ್ನೆರಡು ಅಡಿ ಇರಬಹುದು.

ಆ ಸಂಜೆ ಕಚೇರಿಯಲ್ಲಿ ಕುಳಿತು ನಾನು ಲೇಖನ ಮುಗಿಸಿದೆ. ಶಾಖದ ಅಂಕಿಗಳನ್ನು ಹಿಂದಿನ ದಿನ ಮೇಜಿನ ಮೇಲಿಟ್ಟು, ಫ್ಯಾನ್ ಸರಿಯಾಗಿ ಓಡುತ್ತಿರುವಾಗ ಅಳೆದಿದ್ದೆ. ಅವು ಚೆನ್ನಾಗಿಯೇ ಇದ್ದವು. ಇಷ್ಟು ದಿನಕ್ಕೆ ತೊಡೆಯ ಮೇಲಿಟ್ಟು ಆಡಬಹುದಾದ ಒಂದು ಯಂತ್ರ ಬಂತು ಎಂದು ತಲೆಬರಹ ಕೊಟ್ಟೆ. ನಾನು ಹಾಗೆ ಹೊಗಳುವುದು ಅಪರೂಪವೆಂದು ಸಂಪಾದಕರು ಮೆಚ್ಚಿದರು. ಯಂತ್ರದ ಜೊತೆಗೆ ಬರುವ ಪುಸ್ತಕದಲ್ಲಿ ಬಹಳ ಹೊತ್ತು ಮೈಗೆ ತಾಗಿಸಿಕೊಂಡು ಬಳಸಬಾರದು ಎಂದು ಮುದ್ರಿಸಿದ್ದಾರೆ. ಆದ್ದರಿಂದ ಕಂಪನಿಯವರದು ಇದರಲ್ಲಿ ತಪ್ಪೇನೂ ಇಲ್ಲ.

ಅತ್ತಿಗೆಯವರು ಕಾರ್ಖಾನೆಯಿಂದ 5.20ಕ್ಕೆ ಮನೆಗೆ ಬಂದರು. ಆ ಹೊತ್ತಿಗೂ ಅಣ್ಣ ಗಾಡಿ ಓಡಿಸುತ್ತಲೇ ಇದ್ದ. ಯಂತ್ರ ಅವನ ತೊಡೆಯ ಮೇಲೆ ಒಟ್ಟು ಮೂರು ಗಂಟೆಗೆ ಐದು ನಿಮಿಷ ಕಡಿಮೆ ಇತ್ತು. ಇದರ ಮುಂದಿನದು ನನಗೆ ಆಗ ಯಾರೂ ಹೇಳಲಿಲ್ಲ. ನನಗೆ ತಿಳಿದ ಕ್ರಮದಲ್ಲೇ ಹೇಳುತ್ತೇನೆ.

ಏಳನೇ ತಾರೀಕು ಸಂಜೆ ಯಂತ್ರ ತರಲು ಅಣ್ಣನ ಮನೆಗೆ ಹೋದೆ. ಯಂತ್ರ ಹಲಗೆಯ ಮೇಲೆ, ಹಲಗೆ ಸ್ಟೂಲಿನ ಮೇಲೆ ಇದ್ದವು. ಅಣ್ಣ ಸೊಂಟದವರೆಗೆ ಹೊದ್ದುಕೊಂಡಿದ್ದ. ಸೆಕೆಯಲ್ಲಿ ಯಾಕೋ ಹೊದ್ದಿದ್ದೀಯ ಎಂದು ಕೇಳಿದ್ದಕ್ಕೆ, ಬಾಡಿಗೆದಾರರಿಗೆ ಚಳಿಯಂತೆ ಎಂದ. ನಾನು ನಕ್ಕೆ. ಈ ಗಾಡಿ ಹೇಗಿತ್ತು ಎಂದೆ. ಪಸಂದಾಗಿದೆ, ಇಂಥದೇ ಇನ್ನೊಂದು ಬಂದ್ರೆ ನಂಗೇ ಮೊದ್ಲು ತರ್ಬೇಕು ಎಂದು ಮಾತು ತೆಗೆದುಕೊಂಡ. ಅತ್ತಿಗೆಯವರು ಬಾಗಿಲಲ್ಲಿ ನಿಂತಿದ್ದರು. ಅವರು ಅಂದು ಕಾಫಿಗೂ ಕರೆಯದೆ ಒಳಗೆ ಹೋದರು, ದಣಿದಿದ್ದಾರೆ ಎಂದುಕೊಂಡೆ. ಬೆರಳಿನ ಗುರುತು ಅಂಟಿದ್ದ ಪರದೆಯನ್ನು ಒರೆಸಿ, ಯಂತ್ರವನ್ನು ಬ್ಯಾಗಿಗೆ ಹಾಕಿಕೊಂಡು ಬಂದೆ.

ಹದಿಮೂರನೇ ತಾರೀಕು ಅಣ್ಣನಿಗೆ ಜ್ವರ ಬಂತು. ಹದಿನಾಲ್ಕರಂದು ಆಸ್ಪತ್ರೆಗೆ ಸೇರಿಸಿದೆವು. ತೊಡೆಯ ಸುಟ್ಟ ಗಾಯದ ನಂಜು ರಕ್ತಕ್ಕೆ ಏರಿದೆ, ಮೂತ್ರಪಿಂಡ ಮೊದಲೇ ಸೊರಗಿದೆ ಎಂದು ಅಲ್ಲಿಯ ವೈದ್ಯರು ಹೇಳಿದಾಗಲೇ ಗಾಯ ಇರುವುದು ನನಗೂ ಅಮ್ಮನಿಗೂ ಗೊತ್ತಾದದ್ದು. ಹೇಗೆ ಸುಟ್ಟಿತು ಎಂದು ವೈದ್ಯರು ಕೇಳಿದ್ದಕ್ಕೆ, ಬಿಸಿನೀರಿನ ಚೀಲ ತಾಗಿತು ಎಂದು ಅಣ್ಣನೇ ಉತ್ತರ ಕೊಟ್ಟ. ಯಾರು ತಾಗಿಸಿದರು ಎಂದು ಅವನು ಹೇಳಲಿಲ್ಲ. ಅಮ್ಮನ ಮಂಡಿ ನೋವಿಗೆ ದಿನವೂ ಸಂಜೆ ಆ ಚೀಲ ತುಂಬುವವರು ಅತ್ತಿಗೆಯವರು ಒಬ್ಬರೇ, ಆದ್ದರಿಂದ ಯಾರೂ ಹೇಳಬೇಕಾಗಿರಲಿಲ್ಲ.

ನಾನೂ ಅದನ್ನೇ ನಂಬಿದೆ. ಹದಿನಾರರಂದು ಮಧ್ಯಾಹ್ನ ಆಸ್ಪತ್ರೆಯ ಎರಡನೇ ಮಹಡಿಯ ಕಾರಿಡಾರಿನಲ್ಲಿ, ನಾಲ್ಕು ಜನರ ಮುಂದೆ, ಒಂದು ಚೀಲ ಎಲ್ಲಿ ಇಡ್ತೀವಿ ಅನ್ನೋ ಎಚ್ಚರ ಇರಲ್ವಾ ಅತ್ತಿಗೆ ನಿಮಗೆ, ಹಲಗೆ ಹಲಗೆ ಅಂತ ಊರಿಗೆಲ್ಲ ಬುದ್ಧಿ ಹೇಳ್ತಿದ್ರಲ್ಲ ಎಂದು ಕೇಳಿದೆ. ಅವರು ತಲೆ ತಗ್ಗಿಸಿ, ಇರ್ಲಿಲ್ಲ ಕಣೇ, ತಪ್ಪಾಯ್ತು ಎಂದರು. ಅವರ ಕೈಯಲ್ಲಿ ಅಣ್ಣನ ಒಗೆದ ಬಟ್ಟೆಯ ಗಂಟು ಇತ್ತು. ಅದನ್ನು ನಾನು ಕಿತ್ತುಕೊಂಡು ಒಳಗೆ ಹೋದೆ.  ಬರೆದುಕೊಳ್ಳುತ್ತಿರುವವರು ಇದು ಪ್ರಕರಣಕ್ಕೆ ಬೇಕಾಗಿಲ್ಲ ಎಂದರು. ಬೇಕು ಎಂದು ಹೇಳಿ ಬರೆಸಿದ್ದೇನೆ.

ಇಪ್ಪತ್ತೊಂದರಂದು ಬೆಳಿಗ್ಗೆ 6.15ಕ್ಕೆ ಅಣ್ಣ ತೀರಿಕೊಂಡ. ಕೊನೆಯ ಎರಡು ದಿನ ಅವನ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ. ಜ್ವರದಲ್ಲಿ ಮುಂದಿನ ನಿಲ್ದಾಣಗಳ ಹೆಸರನ್ನು ಕೂಗುತ್ತಿದ್ದ, ಹಿಂದೆ ಸರಿದು ನಿಲ್ರಪ್ಪ ಎನ್ನುತ್ತಿದ್ದ. ಪಕ್ಕದ ಮಂಚದ ರೋಗಿಯೊಬ್ಬರು ಅವನಿಗೆ ಬೇಸರವಾಗದಿರಲೆಂದು ಸರಿದಿದ್ದೀವಿ ಸ್ವಾಮಿ, ಹೋಗೋಣ ಎಂದು ಉತ್ತರ ಕೊಡುತ್ತಿದ್ದರು.

ಮರಣೋತ್ತರ ಪರೀಕ್ಷೆ ನಡೆದಾಗ ಪಟ್ಟಿ ಬಿಚ್ಚಿ ನೋಡಿದ ಅಧಿಕಾರಿಗಳು, ಬಿಸಿನೀರಿನ ಚೀಲದ ಗಾಯ ಹೀಗೆ ಗೆರೆ ಗೆರೆಯಾಗಿ ಇರುವುದಿಲ್ಲ ಎಂದರಂತೆ. ಅದು ಅಮ್ಮನ ಕಿವಿಗೆ ಬಿತ್ತು. ಇಪ್ಪತ್ತೆರಡರಂದು ಅಮ್ಮ ದೂರು ಕೊಟ್ಟರು. ನಾಲ್ಕು ವರ್ಷ ಅತ್ತಿಗೆಯವರು ದುಡಿದು ಅಣ್ಣನನ್ನು ಸಾಕಿದ್ದು ಅಮ್ಮನ ಕಣ್ಣೆದುರಿಗೇ ಇದೆ. ಆದರೂ ಮಗನನ್ನು ಕಳೆದುಕೊಂಡವರಿಗೆ ಬೆರಳು ತೋರಿಸಲು ಯಾರಾದರೂ ಬೇಕಾಗುತ್ತಾರೆ. ಅತ್ತಿಗೆಯವರು ಗೆರೆಗಳ ಬಗ್ಗೆ ಎಷ್ಟು ಸಲ ಕೇಳಿದರೂ ಚೀಲ ಎಂದೇ ಹೇಳಿದ್ದರಿಂದ ಠಾಣೆಯವರಿಗೂ ಅನುಮಾನ ಹೆಚ್ಚಾಯಿತು.

ನಿನ್ನೆ, ಅಂದರೆ ಇಪ್ಪತ್ತಮೂರರಂದು, ಬೆಳಿಗ್ಗೆ 11 ಗಂಟೆಗೆ ಇದೇ ಠಾಣೆಯಲ್ಲಿ ನನಗೂ ಅಮ್ಮನಿಗೂ ಗಾಯದ ಫೋಟೊ ತೋರಿಸಿದರು. ಒಂದೊಂದು ತೊಡೆಯ ಮೇಲೂ ಏಳು ಓರೆ ಗೆರೆಗಳಿದ್ದವು. ಎಡಗಡೆಯವು ಬಲಕ್ಕೆ, ಬಲಗಡೆಯವು ಎಡಕ್ಕೆ ಬಾಗಿದ್ದವು. ಅಮ್ಮ ನೋಡಿ, ಎಣಿಸಿ ಎಣಿಸಿ ಎಳ್ದಿದ್ದಾಳೆ ಪಾಪಿ ಎಂದು ಅಳತೊಡಗಿದರು. ಆ ಗೆರೆಗಳನ್ನು ಎಲ್ಲೋ ನೋಡಿದ್ದೇನೆ ಎಂದು ಅನ್ನಿಸಿತು, ಎಲ್ಲಿ ಎಂದು ಹೊಳೆಯಲಿಲ್ಲ. ಮಧ್ಯಾಹ್ನ ಕಚೇರಿಗೆ ಹೋದೆ. ಆ ಲ್ಯಾಪ್‌ಟಾಪನ್ನು ವಾಪಸ್ ಕಳಿಸಬೇಕಾದ ಗಡುವು ಮುಗಿದಿತ್ತು. ಡಬ್ಬಕ್ಕೆ ತುಂಬುವ ಮುಂಚೆ ನಮ್ಮ ಕಚೇರಿಯ ಚೀಟಿ ಕೀಳಲೆಂದು ಯಂತ್ರವನ್ನು ಬೋರಲು ಹಾಕಿದೆ. ಅಡಿಯ ಲೋಹದ ತಗಡಿನಲ್ಲಿ ಗಾಳಿಯ ಕಿಂಡಿಗಳ ನಡುವೆ ಉಬ್ಬಿದ ಪಟ್ಟಿಗಳಿದ್ದವು. ಆ ಕಡೆ ಏಳು, ಈ ಕಡೆ ಏಳು, ಓರೆಯಾಗಿ. ಬೆರಳಿಟ್ಟು ಮತ್ತೊಮ್ಮೆ ಎಣಿಸಿದೆ. 

ಯಂತ್ರವನ್ನು ವಾಪಸ್ ಕಳಿಸದೆ ಮನೆಗೆ ತಂದೆ. ಅಂದು ಮಾಡಿದಂತೆಯೇ ಪೂರ್ತಿ ಶಕ್ತಿಗೆ ಏರಿಸಿ, ಫ್ಯಾನನ್ನು ಇಳಿಸಿ, ಅದೇ ಆಟ ಹಾಕಿ, ಮಡಿಸಿದ ರಜಾಯಿಯ ಮೇಲೆ ಇಟ್ಟೆ. ಮೆತ್ತನೆಯ ಜಾಗದಲ್ಲಿ ರಬ್ಬರ್ ಕಾಲುಗಳು ಹೂತುಹೋಗಿ ಕಿಂಡಿಗಳು ಮುಚ್ಚಿಕೊಳ್ಳುತ್ತವೆ. ಇಪ್ಪತ್ತೈದು ನಿಮಿಷಕ್ಕೆ ಅಡಿಯ ಪಟ್ಟಿಗಳು ಐವತ್ತಮೂರು ಡಿಗ್ರಿ ತೋರಿಸಿದವು. ಅಣ್ಣನ ಪೈಜಾಮದಂಥದೇ ತೆಳು ಬಟ್ಟೆಯ ಮೇಲೆ ಅದನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಒಂದು ನಿಮಿಷ ತಡೆಯಲು ಆಗಲಿಲ್ಲ. ನಾನು ಕೆಲಸಕ್ಕೆ ಸೇರಿದಾಗಿನಿಂದ ಮಾಡಿದ ಪರೀಕ್ಷೆಗಳಲ್ಲಿ ಸರಿಯಾದದ್ದು ಅದೊಂದೇ.

ಸಂಜೆ 6.40ಕ್ಕೆ ಅತ್ತಿಗೆಯವರ ಮನೆಗೆ ಹೋದೆ. ಅವರು ಆಗಷ್ಟೇ ಠಾಣೆಯಿಂದ ಬಂದು, ಮಗಳಿಗೆ ಜಡೆ ಹಾಕುತ್ತಿದ್ದರು. ಮಗಳನ್ನು ಹೊರಗೆ ಕಳಿಸಿ, ಯಂತ್ರವನ್ನು ಬೋರಲಾಗಿ ಅವರ ಮುಂದೆ ಇಟ್ಟೆ. ಅವರು ಅದನ್ನು ನೋಡಿ, ಮುಖ ಬೇರೆ ಕಡೆಗೆ ತಿರುಗಿಸಿದರು. ಮೂರನೇ ತಾರೀಕು 5.20ಕ್ಕೆ ಬಂದವರೇ ಅವರು ಯಂತ್ರ ಎತ್ತಿ ನೋಡಿದ್ದರಂತೆ. ಪೈಜಾಮ ತೊಡೆಗೆ ಅಂಟಿಕೊಂಡಿತ್ತಂತೆ. ಮರುದಿನದಿಂದ ಬೀದಿಯ ತುದಿಯ ಕ್ಲಿನಿಕ್ಕಿನ ಮುಲಾಮು ತಂದು ಹಚ್ಚುತ್ತಿದ್ದರಂತೆ. ನನಗೆ ಏಕೆ ಹೇಳಲಿಲ್ಲ ಎಂದು ಕೇಳಿದೆ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಬೇಕು.

“ಅವ್ರು ನನ್ನ ಹತ್ರ ಭಾಷೆ ತಗೊಂಡ್ರು ಕಣೇ. ಅವಳಿಗೆ ಗೊತ್ತಾದ್ರೆ ಇನ್ನೊಂದು ಗಾಡಿ ತರಲ್ಲ, ಹತ್ತು ದಿನದಲ್ಲಿ ಒಣಗೋ ಗಾಯಕ್ಕೆ ಯಾಕೆ ರಂಪ ಅಂದ್ರು. ನಾನು ಮತ್ತೆ ಗೋಡೆ ನೋಡ್ಕೊಂಡು ಮಲಗ್ಲಾ ಅಂತ ಕೇಳಿದ್ರು. ನಂಗೆ ಇಲ್ಲ ಅನ್ನಕ್ಕೆ ಬಾಯಿ ಬರ್ಲಿಲ್ಲ.”

ಅಣ್ಣ ಹೋದ ಮೇಲಾದರೂ ಹೇಳಬಹುದಿತ್ತಲ್ಲ, ಬರೆ ಹಾಕಿದವಳು ಎಂದು ಹೆಸರು ಹೊತ್ತು ಏಕೆ ಕುಳಿತಿರಿ ಎಂದು ಕೇಳಿದೆ. ಅದಕ್ಕೆ ಅವರು, ಹೇಳಿ ಯಾರನ್ನ ಉಳಿಸ್ಕೊಳ್ಳೋದಿತ್ತು, ನಾನು ಹೊರಗಿನಿಂದ ಬಂದೋಳು, ನನ್ನ ಬೈಕೊಂಡಾದ್ರೂ ಅತ್ತೆ ಬದುಕ್ತಾರೆ, ಅವರಿಗೆ ಈಗ ಇರೋದು ನೀನೊಬ್ಳೇ ಅಲ್ವಾ ಎಂದರು. ಆಮೇಲೆ ಎದ್ದು ಹೋಗಿ ಮಗಳ ಅರ್ಧ ಹಾಕಿದ ಜಡೆಯನ್ನು ಪೂರ್ತಿ ಮಾಡಿದರು. ನಾನು ಅವರ ಕಾಲು ಹಿಡಿದುಕೊಳ್ಳಲು ಹೋದೆ, ಬಿಡಲಿಲ್ಲ.

ಮೇಲೆ ಹೇಳಿದ ಲ್ಯಾಪ್‌ಟಾಪನ್ನೂ ಚಾರ್ಜರನ್ನೂ, ಮೂರನೇ ತಾರೀಕಿನ ಎಲ್ಲ ಫೋಟೊಗಳ ಪ್ರತಿಯನ್ನೂ ಇಂದು ಠಾಣೆಗೆ ಒಪ್ಪಿಸಿದ್ದೇನೆ. ಹಲಗೆ ಇರುವ ಮೂರು ಫೋಟೊ, ಇಲ್ಲದ ನಲವತ್ತೆರಡು ಫೋಟೊ ಅದರಲ್ಲಿವೆ. ಫೋಟೊಗ್ರಾಫರಿಗೆ ಅಣ್ಣನ ಕಾಲಿಗೆ ಸ್ಪರ್ಶವಿಲ್ಲ ಎಂಬ ಸಂಗತಿ ಸರಿಯಾಗಿ ಗೊತ್ತಿರಲಿಲ್ಲ, ಅವರನ್ನು ಇದಕ್ಕೆ ಸೇರಿಸಬಾರದು. ಗೊತ್ತಿದ್ದವಳು ನಾನು. ಅತ್ತಿಗೆಯವರನ್ನು ಇಂದೇ, ಈ ಹೇಳಿಕೆಗೆ ಸಹಿಯಾದ ಕೂಡಲೇ ಮನೆಗೆ ಕಳಿಸಬೇಕು, ಮುಂದೆ ಅವರನ್ನು ಕರೆಸಬಾರದು ಎಂದು ಕೇಳಿಕೊಳ್ಳುತ್ತೇನೆ. ನನ್ನ ಮೇಲೆ ಯಾವ ಕ್ರಮ ಕೈಗೊಳ್ಳಬೇಕೋ ಅದು ಠಾಣೆಯವರಿಗೆ ಬಿಟ್ಟದ್ದು, ನಾನು ಎಲ್ಲಿಗೂ ಹೋಗುವುದಿಲ್ಲ.

ಇನ್ನೊಂದು ವಿನಂತಿ. ನನ್ನ ತಾಯಿಯವರು ಈಗ ಠಾಣೆಯ ಹೊರಗೆ, ಬಾಗಿಲಿನ ಎಡಗಡೆಯ ಬೆಂಚಿನ ಮೇಲೆ ಕುಳಿತಿದ್ದಾರೆ. ನಾನು ಅತ್ತಿಗೆಯವರ ವಿರುದ್ಧ ಸಾಕ್ಷಿ ಹೇಳಲು ಒಳಗೆ ಬಂದಿದ್ದೇನೆಂದು ಅವರು ತಿಳಿದಿದ್ದಾರೆ. ದಾರಿಯಲ್ಲಿ ನಿಜ ಹೇಳಲು ಎರಡು ಸಲ ಬಾಯಿ ತೆರೆದೆ, ನನ್ನಿಂದ ಆಗಲಿಲ್ಲ. ಈ ಹೇಳಿಕೆಯನ್ನು ಠಾಣೆಯವರು ಯಾರೂ ಅವರಿಗೆ ಓದಿ ಹೇಳಬಾರದು. ಇಲ್ಲಿಂದ ಎದ್ದು ಹೋಗಿ, ಅವರ ಪಕ್ಕದಲ್ಲಿ ಕುಳಿತು, ನಾನೇ ಹೇಳುತ್ತೇನೆ. ಒಳಗೆ ಬರುವಾಗ ಅವರು ನನ್ನ ಕೆನ್ನೆ ಸವರಿ, ಇರೋದನ್ನೆಲ್ಲ ಹೇಳ್ಬಿಡು ಮಗಳೇ, ನಿಮ್ಮಣ್ಣನ್ನ ಸಾಯಿಸಿದವರನ್ನ ಸುಮ್ನೆ ಬಿಡ್ಬೇಡ ಎಂದು ಹೇಳಿ ಕಳಿಸಿದ್ದಾರೆ.

ಈ ಹೇಳಿಕೆಯನ್ನು ಓದಿಸಿ ಕೇಳಿದ್ದೇನೆ. ಎರಡು ಕಡೆ ನನ್ನ ತಪ್ಪನ್ನು ಮೃದುವಾಗಿ ಬರೆದಿದ್ದರು, ಅದನ್ನು ತಿದ್ದಿಸಿದ್ದೇನೆ. ಈಗ ಇದು ನಾನು ಹೇಳಿದಂತೆಯೇ ಇದೆ, ನಿಜವಾಗಿದೆ.

ಸ್ಥಳ: ಠಾಣೆಯ ಬರಹಗಾರರ ಕೊಠಡಿ
ದಿನಾಂಕ: ಇಪ್ಪತ್ತನಾಲ್ಕು, ಮಧ್ಯಾಹ್ನ 12.50 ಗಂಟೆ
ಸಹಿ: (ಮೃತರ ತಂಗಿ)